ನರಗುಂದದ ರೌಟರಿನಲ್ಲಿ ಮೊದಲ ಸಾಲು

ಆಸ್ಪತ್ರೆಯ ಫೋನ್ ಬೋರ್ಡಿನ ಮುಂದೆ ಕೂತವಳಿಗೆ ಊರಿನ ಗುಟ್ಟೆಲ್ಲ ಗೊತ್ತಿರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಅದು ನಿಜವೇ. ರೋಣದ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಕರೆಗಳನ್ನು ಜೋಡಿಸುತ್ತ ಕೂತಿದ್ದ ವರ್ಷಗಳಲ್ಲಿ ಯಾರ ಬಸಿರು ನಿಲ್ಲಲಿಲ್ಲ, ಯಾರ ಮಗ ಏನು ಕುಡಿದು ಬಂದ, ಎಲ್ಲವೂ ನನ್ನ ಕಿವಿಗೆ ಬೀಳುತ್ತಿತ್ತು. ನನಗೆ ಕೆಲಸ ಕಲಿಸಿದ ಹಿರಿಯಾಕೆ ಮೊದಲ ದಿನವೇ ಹೇಳಿದ್ದರು, "ಕೇಳಿಸಿದ್ದು ಕಿವ್ಯಾಗ ಇರಬೇಕವಾ, ಬಾಯಿಗೆ ಬರಬಾರದು." ಕಂಪ್ಯೂಟರ್ ಜಾಲದ ಕೆಲಸಕ್ಕೆ ಈಗ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಯಾವ ಪುಸ್ತಕ ಓದಬೇಕು, ಯಾವ ಪರೀಕ್ಷೆ ಕಟ್ಟಬೇಕು ಎಂದು. ಅದಕ್ಕೆ ಉತ್ತರ ಕೊಡುವವರು ಗಲ್ಲಿಗೊಬ್ಬರಿದ್ದಾರೆ. ಕೆಲಸ ನಿಜವಾಗಿ ಹೇಗಿತ್ತು ಎಂಬುದನ್ನಷ್ಟೇ ನಾನು ಬರೆಯುತ್ತೇನೆ.

ಟ್ರಸ್ಟಿನ ದೊಡ್ಡ ಆಸ್ಪತ್ರೆ ಮತ್ತು ಮುಖ್ಯ ಕಚೇರಿ ರೋಣದಲ್ಲಿ. ನರಗುಂದ ಮತ್ತು ಗಜೇಂದ್ರಗಡದಲ್ಲಿ ಸಣ್ಣ ಘಟಕಗಳು. ರಕ್ತ ಪರೀಕ್ಷೆಯ ಪ್ರಯೋಗಾಲಯ ಮಾತ್ರ ನರಗುಂದದಲ್ಲಿತ್ತು, ಏಕೆಂದರೆ ಅಲ್ಲಿ ಜಾಗವಿತ್ತು. ಎರಡು ಸಾವಿರದ ದಶಕದ ನಡುವೆ ಮೂರೂ ಊರಿನ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿದರು. ರಕ್ತದ ವರದಿಗಳು ನರಗುಂದದ ಒಂದು ಯಂತ್ರದಲ್ಲಿ ಕೂತವು. ರೋಣದ ವೈದ್ಯರು ಪರದೆಯ ಮೇಲೆ ಅವನ್ನು ನೋಡಿ ಔಷಧಿ ಬರೆಯತೊಡಗಿದರು. ಬಸ್ಸಿನಲ್ಲಿ ಚೀಟಿ ಕಳಿಸುವ ಪದ್ಧತಿ ನಿಂತಿತು, ನನ್ನ ಫೋನ್ ಬೋರ್ಡೂ ಮೂಲೆಗೆ ಸೇರಿತು. ಆಡಳಿತಾಧಿಕಾರಿ ದೇಸಾಯಿ ಸಾಹೇಬರು ನನ್ನನ್ನು ಕರೆದು, "ರತ್ನಾಬಾಯಾರ, ತಂತಿ ಕೆಲಸ ನಿಮಗ ಗೊತ್ತೈತಿ. ಇದೂ ತಂತೀನ. ಕಲೀರಿ," ಎಂದರು. ನಲವತ್ತು ದಾಟಿದವಳಿಗೆ ಅವರು ಕೊಟ್ಟ ತರಬೇತಿ ಅಷ್ಟೇ.

ಮೊದಲ ತಿಂಗಳುಗಳಲ್ಲಿ ಕಲಿತದ್ದು ತಾಂತ್ರಿಕ ವಿದ್ಯೆಯಲ್ಲ, ಜನರ ವಿದ್ಯೆ. ಗಜೇಂದ್ರಗಡದ ಘಟಕದಲ್ಲಿ ದಿನಾ ಮಧ್ಯಾಹ್ನ ಸಂಪರ್ಕ ಕಡಿಯುತ್ತಿತ್ತು, ಸಂಜೆಗೆ ತಾನೇ ಬರುತ್ತಿತ್ತು. ಹುಬ್ಬಳ್ಳಿಯಿಂದ ಬರುತ್ತಿದ್ದ ಗುತ್ತಿಗೆದಾರರ ಎಂಜಿನಿಯರು ಯಂತ್ರ ಬದಲಿಸಿದ, ಪೆಟ್ಟಿಗೆ ಬದಲಿಸಿದ, ಕೊನೆಗೆ ಬಿಸಿಲಿನ ಮೇಲೆ ತಪ್ಪು ಹಾಕಿದ. ನಾನು ಹೋಗಿ ಹಿತ್ತಿಲಿನಲ್ಲಿ ನಿಂತು ನೋಡಿದರೆ, ಎರಡು ಕಟ್ಟಡಗಳ ನಡುವೆ ಎಳೆದ ನಮ್ಮ ಕೇಬಲಿನ ಮೇಲೆ ವಾರ್ಡಿನ ಆಯಾ ಒಬ್ಬಳು ಹಸಿ ಚಾದರಗಳನ್ನು ಒಣಹಾಕುತ್ತಿದ್ದಳು. "ಹಗ್ಗ ಭಾಳ ಚಲೋ ಐತ್ರಿ ಅಕ್ಕಾರ, ಜಂಗ ಹಿಡಿಯಂಗಿಲ್ಲ," ಎಂದು ಹೊಗಳಿದಳು. ಬೇರೆ ಹಗ್ಗ ಕಟ್ಟಿಸಿಕೊಟ್ಟೆ. ಮರುದಿನದಿಂದ ಸಂಪರ್ಕ ಕಡಿಯಲಿಲ್ಲ.

ಟ್ರಸ್ಟಿನವರು ನಮ್ಮವರೇ ಒಂದಿಬ್ಬರು ಜಾಲದ ಪರೀಕ್ಷೆ ಪಾಸು ಮಾಡಬೇಕೆಂದು ಗೊತ್ತುಮಾಡಿದರು. ನನ್ನ ಜೊತೆ ಆರಿಸಿದ್ದು ಗಜೇಂದ್ರಗಡ ಘಟಕದ ದಿಲ್‌ಶಾದ್‌ಳನ್ನು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಲೆಕ್ಕದಲ್ಲಿ ಚುರುಕು, ಸಿಟ್ಟಿನಲ್ಲೂ ಚುರುಕು. ಭಾನುವಾರ ಬೆಳಿಗ್ಗೆ ಗದಗಿನ ಒಂದು ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದೆವು. ಅಲ್ಲಿಯ ಮಾಸ್ತರ ಬೋರ್ಡಿನ ತುಂಬ ಸೊನ್ನೆ ಒಂದುಗಳನ್ನು ಬರೆದು, ಇಂಗ್ಲಿಷಿನಲ್ಲಿ ಹೇಳಿ, ಬೆನ್ನು ತಿರುಗಿಸಿದಾಗಲೇ ಅಳಿಸಿಬಿಡುತ್ತಿದ್ದ. ಒಂದು ಜಾಲವನ್ನು ಸಣ್ಣ ಸಣ್ಣ ಪಾಲು ಮಾಡುವುದಕ್ಕೆ ಸಬ್‌ನೆಟ್ಟಿಂಗ್ ಎನ್ನುತ್ತಾರೆ. ಪ್ರತಿ ಕಂಪ್ಯೂಟರಿಗೆ ಒಂದು ಸಂಖ್ಯೆಯ ವಿಳಾಸ, ಪ್ರತಿ ವಿಭಾಗಕ್ಕೆ ವಿಳಾಸಗಳ ಒಂದು ಗುಂಪು. ಗುಂಪು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು. ಕಲಿಯುವ ತನಕ ಬ್ರಹ್ಮವಿದ್ಯೆ ಎನ್ನುವುದು ಇದಕ್ಕೇ ಇರಬೇಕು ಎಂದು ವಾಪಸು ಬರುವ ಬಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ.

ಅದು ಬಿಡಿಸಿಕೊಂಡದ್ದು ಗಜೇಂದ್ರಗಡದಲ್ಲಿ, ದಿಲ್‌ಶಾದ್‌ಳ ಅಪ್ಪನ ಕಾಳಿನ ಅಂಗಡಿಯಲ್ಲಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನಾವು ಓದುತ್ತಿದ್ದೆವು. ಹಳ್ಳಿಯ ಹಳೆಯ ಗಿರಾಕಿಗಳಿಗಾಗಿ ಅವರಿನ್ನೂ ಅಳತೆಯ ಪಾತ್ರೆಗಳನ್ನು ಇಟ್ಟುಕೊಂಡಿದ್ದರು. ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರಪಾವು, ಅದರ ಅರ್ಧ ಚಟಾಕು. ಅವನ್ನು ಸಾಲಾಗಿ ಇಟ್ಟಿದ್ದನ್ನು ನೋಡುತ್ತ ಕೂತಿದ್ದ ದಿಲ್‌ಶಾದ್ ಒಮ್ಮೆಲೇ ಪೆನ್ನು ಕೆಳಗಿಟ್ಟಳು.

"ಅಕ್ಕಾರ, ಇನ್ನೂರೈವತ್ತಾರು ವಿಳಾಸದ ಪೂರ್ತಿ ಜಾಲ ಅಂದ್ರ ಸೇರು ಅಂತ ತಿಳೀರಿ. ನೂರಾ ಇಪ್ಪತ್ತೆಂಟು ಅಚ್ಚೇರು. ಅರವತ್ನಾಲ್ಕು ಪಾವು."

"ಮೂವತ್ತೆರಡು ಅರಪಾವು," ಎಂದೆ ನಾನು. "ಹದಿನಾರು ಚಟಾಕು. ನೂರು ವಿಳಾಸ ಬೇಕಂದ್ರ?"

"ನೂರರ ಅಳತಿ ನಮ್ಮ ಅಂಗಡ್ಯಾಗ ಇಲ್ರಿ. ಅಚ್ಚೇರು ತಗೊಂಡು ಹೋಗ್ರಿ."

ಇಬ್ಬರೂ ನಕ್ಕೆವು. ನಕ್ಕ ಮೇಲೆ ಉಳಿದದ್ದೂ ತಾನಾಗಿ ಬಂತು. ಪಾವಿನಿಂದ ಸೇರು ಅಳೆಯುವಾಗ ಎರಡನೆಯ ಪಾವು ಶುರುವಾಗುವುದು ಮೊದಲನೆಯದು ಮುಗಿದಲ್ಲಿಯೇ. ಮೊದಲನೆಯದರ ಅರ್ಧ, ಎರಡನೆಯದರ ಅರ್ಧ ಸೇರಿಸಿ ಒಂದು ಪಾವು ಎನ್ನುವಂತಿಲ್ಲ. ಜಾಲದ ಪಾಲುಗಳೂ ಹಾಗೆಯೇ, ತಮ್ಮ ಗಡಿಯಿಂದಲೇ ಏಳಬೇಕು. ಪ್ರತಿ ಅಳತೆಯ ಮೊದಲ ಮತ್ತು ಕೊನೆಯ ಕಾಳನ್ನು ಮಾತ್ರ ಯಾವ ಯಂತ್ರಕ್ಕೂ ಕೊಡುವಂತಿಲ್ಲ ಎಂದು ನೆನಪಿಟ್ಟರೆ ಆಯಿತು. ಇಂದಿಗೂ ನನಗೆ ಸಂಖ್ಯೆ ಹೇಳಿದರೆ ಮೊದಲು ಆ ಪಾತ್ರೆಗಳು ಕಾಣುತ್ತವೆ, ಆಮೇಲೆ ಉತ್ತರ.

ಆ ದಿನಗಳಲ್ಲೇ ಯಲ್ಲವ್ವ ನನ್ನನ್ನು ಹುಡುಕಿಕೊಂಡು ಬಂದಳು. ನರಗುಂದ ಘಟಕದ ಅಡುಗೆಮನೆ ಅವಳದು. ಒಳರೋಗಿಗಳಿಗೂ ನಮಗೂ ರೊಟ್ಟಿ ಬಡಿಯುವವಳು ಅವಳೇ. ಅವಳ ಗಂಡ ಲಾರಿ ಓಡಿಸುತ್ತಿದ್ದ. ವರ್ಷದ ಹಿಂದೆ ಸೊರಗಿ ಸತ್ತಿದ್ದ. ಮನೆಯವರು ಕ್ಷಯ ಎಂದರು, ಓಣಿಯವರು ಬೇರೆ ಏನೋ ಎಂದು ಪಿಸುಗುಟ್ಟಿದರು. ಮಗಳೊಬ್ಬಳು ಒಂಬತ್ತನೆಯ ಇಯತ್ತೆ. ಗಂಡನ ತಮ್ಮ ದ್ಯಾಮಣ್ಣ ನಮ್ಮ ರೋಣದ ಕಚೇರಿಯ ಲೆಕ್ಕ ವಿಭಾಗದಲ್ಲಿ ಗುಮಾಸ್ತ. ತಾಯಿ ಮಗಳು ಇದ್ದ ಮನೆ ಅವನ ಹೆಸರಿನಲ್ಲಿತ್ತು. ಅವಳ ವಿಷಯ ಬರೆಯುವ ಮೊದಲು ಅವಳನ್ನೇ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳು ಮಾತ್ರ ಬೇರೆ.

ನಾನು ನರಗುಂದದ ರೌಟರ್ ನೋಡಲು ಹೋದ ದಿನ ಅವಳು ಚಹಾ ತಂದಿಟ್ಟು ಹೋಗದೆ ನಿಂತಳು. ಮೂರು ಊರಿನ ತಂತಿಗಳೂ ಬಂದು ಸೇರುವ, ಯಾರ ಮಾತು ಯಾರಿಗೆ ಹೋಗಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆ ಆ ರೌಟರ್.

"ಅಕ್ಕಾರ, ರಕ್ತದ ರಿಪೋರ್ಟ ಈಗ ಇದರಾಗ ಹೋಗತಾವಂತ, ಖರೇ ಏನ್ರಿ?"

"ಹೌದು."

"ರೋಣದಾಗ ಯಾರ್ಯಾರ ನೋಡತಾರ್ರಿ?"

"ಡಾಕ್ಟರು."

"ಲೆಕ್ಕದ ಆಫೀಸಿನವರು?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಉತ್ತರ ಕೊಡುವ ಮೊದಲೇ ಹೇಳಿದಳು, "ನಿನ್ನೆ ನಂದು ರಕ್ತ ತಗೊಂಡಾರ್ರಿ. ಎಂಟು ದಿನಕ್ಕ ಬರತೈತಂತ. ಏನ ಬರತೈತೋ ಆ ದೇವರಿಗೆ ಗೊತ್ತು. ಅದು ದ್ಯಾಮಣ್ಣನ ಕಣ್ಣಿಗೆ ಬಿದ್ದರ, ನಮ್ಮಣ್ಣನ ತಿಂದಾಕಿ ನೀನ ಅಂತ ನನ್ನೂ ನನ್ನ ಮಗಳನ್ನೂ ಹೊರಗ ಹಾಕತಾನ್ರಿ. ಈ ಒಲಿ ಮುಂದೂ ಯಾರೂ ಕುಂದರಸಂಗಿಲ್ಲ. ಅಂವಗ ಕಾಣಬಾರದ್ರಿ ಅಕ್ಕಾರ."

ಲೆಕ್ಕ ವಿಭಾಗಕ್ಕೆ ವರದಿಗಳು ಕಾಣಬಾರದೆಂದು ರೌಟರಿನಲ್ಲಿ ಬರೆದಿದೆ ಎಂದು ನನಗೆ ಗೊತ್ತಿತ್ತು. ಬರೆದಾಗ ನಾನೂ ಆ ಕೋಣೆಯಲ್ಲಿದ್ದೆ. ಆದರೆ ಫೋನ್ ಬೋರ್ಡಿನ ಅಭ್ಯಾಸ, ಎರಡೂ ಕಡೆ ಕೇಳಿಸುತ್ತದೆಯೇ ಎಂದು ನೋಡದೆ ಜೋಡಣೆ ಆಯಿತು ಎನ್ನುವುದಿಲ್ಲ. "ನೋಡಿ ಹೇಳತೇನಿ," ಎಂದೆ. ಅವಳಿಗೆ ಅದು ಸಾಲಲಿಲ್ಲ ಎಂದು ಮುಖದಲ್ಲೇ ಗೊತ್ತಾಯಿತು.

ಇಲ್ಲಿ ಹೊಸಬರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು ಎಂದು ರೌಟರಿಗೆ ಸಾಲು ಸಾಲಾಗಿ ಬರೆದುಕೊಡುವುದಕ್ಕೆ ಆಕ್ಸೆಸ್ ಲಿಸ್ಟ್ ಎನ್ನುತ್ತಾರೆ. ರೌಟರು ಮೇಲಿನಿಂದ ಓದುತ್ತ ಬರುತ್ತದೆ. ಬಂದವನಿಗೆ ಹೊಂದುವ ಮೊದಲ ಸಾಲು ಸಿಕ್ಕ ಕೂಡಲೇ ಅದರಂತೆ ಮಾಡಿ ಓದುವುದನ್ನು ನಿಲ್ಲಿಸುತ್ತದೆ. ಕೆಳಗೆ ಏನೇ ಬರೆದಿದ್ದರೂ ಅದಕ್ಕೆ ಸಂಬಂಧವಿಲ್ಲ. ಯಾವ ಸಾಲಿಗೂ ಹೊಂದದವನನ್ನು ಹೊರಗಟ್ಟುತ್ತದೆ. ಪಾಸ್‌ವರ್ಡ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಮೂರೂ ಊರಿಗೆ ಒಂದೇ ಇತ್ತು, ಮತ್ತು ಮರೆಯಬಾರದೆಂದು ಪ್ರತಿ ಮೇಜಿನ ಗಾಜಿನಡಿ ಬರೆದಿಟ್ಟಿದ್ದರು.

ನಮ್ಮ ಪಟ್ಟಿ ಬರೆಸಿದವರು ದೇಸಾಯಿ ಸಾಹೇಬರು. ಎಂಜಿನಿಯರು ಕೀಲಿಮಣೆಯ ಮುಂದೆ ಕೂತಿದ್ದ, ಸಾಹೇಬರು ಲಗ್ನಪತ್ರಿಕೆಯಲ್ಲಿ ಹೆಸರು ಹಾಕಿಸುವಂತೆ ಹಿರಿತನದ ಪ್ರಕಾರ ಹೇಳುತ್ತ ಹೋದರು. "ಮೊದಲ ನಮ್ಮ ಮುಖ್ಯ ಕಚೇರಿ ಹಾಕ್ರಿ. ಪೂರ್ತಿ ಕಚೇರಿ. ಅದು ಮ್ಯಾಲ ಇರಬೇಕು. ಆಮ್ಯಾಲ ಪ್ರಯೋಗಾಲಯ, ಆಮ್ಯಾಲ ಘಟಕಗಳು. ಬ್ಯಾಡ ಅನ್ನೂದು ಅಶುಭ, ಅದನ್ನ ತಳಕ್ಕ ಹಾಕ್ರಿ." ಎಂಜಿನಿಯರಿಗೆ ಹುಬ್ಬಳ್ಳಿಯ ಬಸ್ಸಿನ ಚಿಂತೆ. ಹೇಳಿದಂತೆ ಬರೆದ. ಲೆಕ್ಕ ವಿಭಾಗವನ್ನು ತಡೆಯುವ ಸಾಲು ಎಲ್ಲರಿಗಿಂತ ಕೆಳಗೆ ಕೂತಿತು. ನಮ್ಮಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ. ಹಿರಿಯರ ಹೆಸರನ್ನು ಕೆಳಗೆ ಹಾಕಿದ ಪಟ್ಟಿಯನ್ನು ನಾವ್ಯಾರೂ ಕಂಡವರಲ್ಲ.

ಮುಂದಿನ ಭಾನುವಾರ ಆ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡು ಗಜೇಂದ್ರಗಡಕ್ಕೆ ಹೋದೆ. ದಿಲ್‌ಶಾದ್ ಓದಿದಳು. ಮುಖ್ಯ ಕಚೇರಿಯ ವಿಳಾಸಗಳು, ರೋಣದ ವೈದ್ಯರವೂ ಸೇರಿ, ಪೂರ್ತಿ ಸೇರು. ಲೆಕ್ಕ ವಿಭಾಗ ಅದರ ಮೂರನೆಯ ಪಾವು.

"ಸೇರಿಗೆ ಒಳಗ ಬಾ ಅಂದ ಮ್ಯಾಲ ಪಾವಿಗೆ ಬ್ಯಾಡ ಅಂದ್ರ ಹ್ಯಾಂಗ್ರಿ ಅಕ್ಕಾರ?" ಎಂದಳು. "ಪಾವು ಸೇರಿನೊಳಗ ಕುಂತು ಒಳಗ ಹೋಗೇ ಬಿಟ್ಟತಿ."

ಆಕೆಯ ಅಪ್ಪ ಹೊರಗೆ ಯಾರಿಗೋ ಕಡಲೆ ಅಳೆಯುತ್ತಿದ್ದರು. ಇಷ್ಟು ತಿಂಗಳು ಲೆಕ್ಕ ವಿಭಾಗದಲ್ಲಿ ಯಾರಾದರೂ ಕುತೂಹಲಕ್ಕೆ ಒಂದು ಗುಂಡಿ ಒತ್ತಿದ್ದರೆ ಮೂರು ಊರಿನ ರಕ್ತದ ಕತೆಯೆಲ್ಲ ಅವರ ಕಣ್ಣೆದುರು ಬಿಚ್ಚಿಕೊಳ್ಳುತ್ತಿತ್ತು. ಒತ್ತಿರಲಿಲ್ಲ ಎಂಬುದು ನಮ್ಮ ಜಾಣತನವಲ್ಲ. ಯಲ್ಲವ್ವನ ವರದಿ ಬರಲು ಇನ್ನು ಕೆಲವೇ ದಿನಗಳಿದ್ದವು. ರಕ್ತ ಕೊಟ್ಟದ್ದು ಓಣಿಗೆ ಗೊತ್ತಾಗಿದ್ದರೆ ದ್ಯಾಮಣ್ಣ ಕುತೂಹಲಪಡಲು ಬೇರೆ ಕಾರಣ ಬೇಕಿರಲಿಲ್ಲ.

ಸೋಮವಾರ ಸಾಹೇಬರ ಕೋಣೆಗೆ ಹೋದೆ. ಯಲ್ಲವ್ವನ ಹೆಸರು ಎತ್ತಲಿಲ್ಲ. ತಡೆಯುವ ಸಾಲು ಮೇಲೆ ಬರಬೇಕು, ಮುಖ್ಯ ಕಚೇರಿ ಅದರ ಕೆಳಗೆ ಎಂದೆ.

ಅವರು ಕನ್ನಡಕ ತೆಗೆದರು. "ಲೆಕ್ಕದ ಗುಮಾಸ್ತರ ಕೆಳಗ ಮುಖ್ಯ ಕಚೇರಿ? ನಾಳೆ ಟ್ರಸ್ಟಿಗಳು ಈ ಪಟ್ಟಿ ಕೇಳಿದರ ಏನ ತೋರಸ್ಲಿ ಬಾಯಾರ?"

"ರೌಟರಿಗೆ ಹಿರಿಯರು ಕಿರಿಯರು ಗೊತ್ತಿಲ್ರಿ ಸಾಹೇಬ್ರ. ಮೊದಲ ಕಂಡದ್ದನ್ನ ಕೇಳತೈತಿ."

"ಬರದೈತಲ್ರಿ ಕೆಳಗ! ಬರದದ್ದು ಸುಳ್ಳಾಗತೈತೇನು?"

ವಾದಕ್ಕೆ ನಿಂತರೆ ಅವರು ಸೋಲುವ ಮನುಷ್ಯರಲ್ಲ. "ನಿಮ್ಮ ಒಪ್ಪಿಗಿ ಇದ್ದರ ಲೆಕ್ಕದ ಕೋಣ್ಯಾಗ ಕುಂತು ನಿಮ್ಮದ ರಿಪೋರ್ಟ ತಗದು ತೋರಸ್ಲೇನ್ರಿ?" ಎಂದೆ. ತೋರಿಸಿ ಎಂದು ಎದ್ದು ಬಂದರು. ಮಧ್ಯಾಹ್ನದ ಊಟದ ಹೊತ್ತು, ಕೋಣೆ ಖಾಲಿಯಿತ್ತು. ಗಾಜಿನಡಿಯ ಪಾಸ್‌ವರ್ಡ್ ನೋಡಿ ಒತ್ತಿದೆ. ಸಾಹೇಬರ ಸಕ್ಕರೆ ಕಾಯಿಲೆಯ ಅಂಕಿಗಳು ಪರದೆಯ ಮೇಲೆ ಬಂದವು. ಅವರಿಗೆ ಸಕ್ಕರೆ ಇದೆ ಎಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಬ್ಬದ ದಿನ ಎಲ್ಲರೆದುರು ಹೋಳಿಗೆ ಉಂಡು ತೋರಿಸುತ್ತಿದ್ದವರು ಅವರು.

ಅವರು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. ಆಮೇಲೆ ಮೆತ್ತಗೆ, "ಹಿಂಗ ಎಲ್ಲಾರದೂ ಕಾಣತೈತೇನ್ರಿ?" ಎಂದರು.

"ಎಲ್ಲಾರದೂ."

"ನನ್ನ ಕಚೇರಿನ್ನ ಎಲ್ಲಿ ಬೇಕೋ ಅಲ್ಲಿ ಹಾಕ್ರಿ. ಇವತ್ತ ಮಾಡ್ರಿ."

ಅವರ ಬಗ್ಗೆ ಹಿಂದೆ ಮುಂದೆ ನಾನು ಎಷ್ಟೋ ಗೊಣಗಿದ್ದೇನೆ. ಆ ಮಾತಿಗಾಗಿ ಇಂದಿಗೂ ಮರ್ಯಾದೆ ಕೊಡುತ್ತೇನೆ.

ಇವತ್ತೇ ಮಾಡುವುದು ಅಷ್ಟು ಸುಲಭವಾಗಲಿಲ್ಲ. ಎಂಜಿನಿಯರು ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಬಂದು ರೋಣದಲ್ಲೇ ಕೂತು, ತಂತಿಯ ಮೂಲಕ ನರಗುಂದದ ರೌಟರಿನೊಳಗೆ ಹೋದ. ತಡೆಯುವ ಸಾಲೊಂದನ್ನು ಅಳಿಸಿ ಮೇಲೆ ಹಾಕುವುದು ಅವನ ಲೆಕ್ಕ. ಆ ಕಾಲದ ಪಟ್ಟಿಗಳಲ್ಲಿ ಒಂದು ಸಾಲು ಅಳಿಸಿದರೆ ಇಡೀ ಪಟ್ಟಿಯೇ ಹೋಗುತ್ತಿತ್ತು. ಖಾಲಿಯಾದ ಪಟ್ಟಿಗೆ ಅವನು ತಡೆಯುವ ಸಾಲನ್ನು ಬರೆದ. ಬಿಡು ಎನ್ನುವ ಸಾಲು ಒಂದೂ ಇಲ್ಲದ್ದರಿಂದ ರೌಟರು ಎಲ್ಲರನ್ನೂ ಹೊರಗಟ್ಟಿತು, ಬರೆಯುತ್ತಿದ್ದವನನ್ನೂ ಸೇರಿಸಿ. ರೋಣದ ವೈದ್ಯರ ಪರದೆಗಳು ಬರಿದಾದವು. ಹೊರರೋಗಿಗಳ ಸಾಲು ಬಾಗಿಲಿನಿಂದಾಚೆ ಬೆಳೆಯಿತು. ಅವನು ಬೆವರು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದ.

ಆ ಪೆಟ್ಟಿಗೆಯನ್ನು ಇನ್ನು ಅದರ ಮುಂದೆ ನಿಂತೇ ತಿದ್ದಬೇಕಿತ್ತು, ನಾನೇ ನರಗುಂದದ ಬಸ್ಸು ಹತ್ತಿದೆ. ದಾರಿಯಲ್ಲಿ ಯಾವಗಲ್ ಎಂಬ ಊರಿನಲ್ಲಿ ಕುರಿಮರಿ ಹಿಡಿದವರು ಹತ್ತಿದರು, ಒಂದು ಟ್ರ್ಯಾಕ್ಟರು ದಾರಿಗೆ ಅಡ್ಡ ನಿಂತಿತ್ತು, ಕಂಡಕ್ಟರು ಯಾರ ಜೊತೆಗೋ ಜಗಳಕ್ಕೆ ನಿಂತ. ನನ್ನ ಜೀವ ನರಗುಂದದಲ್ಲಿತ್ತು. ಇಳಿದವಳು ನೇರ ಪ್ರಯೋಗಾಲಯಕ್ಕೆ ಹೋಗಿ ರೌಟರಿನ ವಿದ್ಯುತ್ ತೆಗೆದು ಮತ್ತೆ ಕೊಟ್ಟೆ. ಎಂಜಿನಿಯರು ಬದಲಾವಣೆಯನ್ನು ಉಳಿಸಿರಲಿಲ್ಲ, ಹಾಗಾಗಿ ಹಳೆಯ ಪಟ್ಟಿ ಮರಳಿ ಬಂತು. ಹಳೆಯ ತೂತಿನ ಸಮೇತ. ಆಮೇಲೆ ಫೋನಿನಲ್ಲಿ ಅವನು ಹೇಳುತ್ತ ಹೋದಂತೆ ನಾನು ಹಳೆಯ ಪಟ್ಟಿಯನ್ನು ಮುಟ್ಟದೆ, ಬೇರೆ ನಂಬರು ಕೊಟ್ಟು ಹೊಸ ಪಟ್ಟಿ ಬರೆದೆ. ಮೊದಲ ಸಾಲು ಲೆಕ್ಕ ವಿಭಾಗಕ್ಕೆ ತಡೆ. ಎರಡನೆಯದು ಮುಖ್ಯ ಕಚೇರಿ. ಪೂರ್ತಿ ಬರೆದು, ಗಟ್ಟಿಯಾಗಿ ಓದಿ, ಅವನು ಅಲ್ಲಿಂದ ಹೂಂ ಎಂದ ಮೇಲೆ ಹಳೆಯದನ್ನು ಬಿಚ್ಚಿ ಇದನ್ನು ಹಚ್ಚಿದೆ. ಓಡುತ್ತಿರುವ ಪಟ್ಟಿಯನ್ನು ತಿದ್ದಬಾರದು, ಹೊಸದು ಬರೆದು ಬದಲಿಸಬೇಕು ಎಂದು ಆಮೇಲೆ ಎಷ್ಟೋ ಜನರಿಗೆ ಕಲಿಸಿದೆ. ಅದನ್ನು ನಾವಿಬ್ಬರೂ ಕಲಿತದ್ದು ಅವತ್ತು.

ದೇಸಾಯಿ ಸಾಹೇಬರೇ ರೋಣದ ಲೆಕ್ಕದ ಕೋಣೆಯಲ್ಲಿ ಕೂತಿದ್ದರು. "ಒತ್ತೇನಿ ಬಾಯಾರ," ಎಂದರು ಫೋನಿನಲ್ಲಿ. ಸ್ವಲ್ಪ ಹೊತ್ತಾದ ಮೇಲೆ, "ತೆರೀವಲ್ತು," ಎಂದರು. ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಕೇಳಿರಲಿಲ್ಲ. ವೈದ್ಯರ ಕೋಣೆಯಲ್ಲಿ ತೆರೆಯಿತು. ಅಡುಗೆಮನೆಗೆ ಹೋಗಿ ಯಲ್ಲವ್ವನಿಗೆ, "ಇನ್ನ ಲೆಕ್ಕದವರಿಗೆ ಕಾಣಂಗಿಲ್ಲ. ಅಲ್ಲಿ ಒತ್ತಿಸಿ ನೋಡೇನಿ," ಎಂದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ಆ ವಾರ ಟ್ರಸ್ಟಿನ ಎಲ್ಲ ಮೇಜುಗಳ ಗಾಜಿನಡಿಯ ಚೀಟಿಗಳನ್ನೂ ತೆಗೆಸಿದೆ.

ಅವಳ ವರದಿ ಬಂತು. ಅದರಲ್ಲೇನಿತ್ತು ಎಂದು ನಾನು ನೋಡಲಿಲ್ಲ. ಹೊಸಬರಿಗೆ ಈ ಬರಹದಲ್ಲಿ ಒಂದೇ ಮಾತು ಬೇಕಾದರೆ ಇದನ್ನು ಇಟ್ಟುಕೊಳ್ಳಿ. ಬೇರೆಯವರಿಗೆ ಬಾಗಿಲು ಹಾಕುವ ಕೆಲಸದವರಿಗೆ ತಮ್ಮ ಮುಂದೆ ಯಾವ ಬಾಗಿಲೂ ಇರುವುದಿಲ್ಲ. ನನ್ನ ಯಂತ್ರದಿಂದ ಎಲ್ಲವೂ ತೆರೆಯುತ್ತಿತ್ತು. ಕೈ ಒಂದೆರಡು ಸಲ ಆ ಕಡೆಗೆ ಹೋಯಿತು ಕೂಡ, ಅಂತಃಕರಣದಿಂದಲೇ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಯಾರಿಗೆ ಕಾಣಬಾರದು ಎಂದು ಅವಳು ಹೇಳಿದ್ದಳೋ ಆ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ ನಿಜ, ಯಾರಿಗೆ ಕಾಣಲಿ ಎಂದಿದ್ದಳೋ ಅದರಲ್ಲೂ ಇರಲಿಲ್ಲ. ನರಗುಂದಕ್ಕೆ ಹೋದಾಗಲೆಲ್ಲ ಅವಳ ಕೈಯ ರೊಟ್ಟಿ, ಪುಂಡಿಪಲ್ಲೆ ಉಂಡು ಬರುತ್ತಿದ್ದೆ. ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರೀಕ್ಷೆಯ ವಿಷಯ ಚಿಕ್ಕದು. ದಿಲ್‌ಶಾದ್ ಮೊದಲ ಸಲಕ್ಕೇ ಪಾಸಾದಳು, ನಾನು ಎರಡನೆಯ ಸಲಕ್ಕೆ. ಆಕ್ಸೆಸ್ ಲಿಸ್ಟಿನ ಪ್ರಶ್ನೆ ಬಂದಾಗ ಹುಬ್ಬಳ್ಳಿಯ ಪರೀಕ್ಷಾ ಕೇಂದ್ರದ ತಣ್ಣನೆಯ ಕೋಣೆಯಲ್ಲಿ ನನಗೆ ಯಾವಗಲ್ಲಿನ ಬಸ್ಸು ನೆನಪಾಗಿ ನಗು ಬಂತು. ಮೇಲ್ವಿಚಾರಕಿ ಅನುಮಾನದಿಂದ ನೋಡಿದಳು.

ಕೆಲವು ವರ್ಷಗಳಾದ ಮೇಲೆ, ಆ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ನಾನು ನರಗುಂದದ ಹೆಂಗಸರ ವಾರ್ಡಿನಲ್ಲಿ ಗೋಡೆಯ ತಂತಿ ನೋಡುತ್ತಿದ್ದೆ. ಮೂಲೆಯ ಮಂಚದಲ್ಲಿ ಹೊಳೆಆಲೂರು ಕಡೆಯ ಒಬ್ಬ ಹುಡುಗಿ, ಎರಡು ಮಕ್ಕಳ ತಾಯಿ, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎರಡು ದಿನದಿಂದ ಅವಳು ಅನ್ನ ಮುಟ್ಟಿಲ್ಲ, ಗುಳಿಗೆ ನುಂಗಿಲ್ಲ ಎಂದು ನರ್ಸು ಹೇಳಿದ್ದಳು. ಅವಳ ತಾಯಿ ಪಕ್ಕದಲ್ಲಿ ಕೂತು ಬೇಡಿಕೊಳ್ಳುತ್ತಿದ್ದಳು. ಹುಡುಗಿ ಒಮ್ಮೆಲೇ ಎದ್ದು ಕೂತು ಚೀರಿದಳು, "ಯಾಕ ಉಣ್ಲಿ ಯವ್ವಾ? ನನಗ ಆ ರೋಗ ಐತಿ. ಇನ್ನ ನನ್ನ ಕೈಯಾಂದ ನನ್ನ ಮಕ್ಕಳೂ ತಿನ್ನಂಗಿಲ್ಲ."

ಪಕ್ಕದ ಮಂಚದವಳು ತನ್ನ ಕೂಸನ್ನು ಎಳೆದುಕೊಂಡಳು. ಯಲ್ಲವ್ವ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನಡೆದು ಬಂದು ಮಂಚದ ಅಂಚಿಗೆ ಕೂತು, ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ತಿಂತಾರ," ಎಂದಳು. "ಈ ದವಾಖಾನಿ ಮಂದಿ ಎಲ್ಲಾ ಇಷ್ಟ ವರ್ಷ ನನ್ನ ಕೈಯಾಂದ ತಿಂದಾರ. ಆ ಗೋಡಿ ಹಂತ್ಯಾಕ ನಿಂತಾರಲ್ಲ, ರತ್ನಕ್ಕಾರು, ಅವರೂ ತಿಂದಾರ. ನನಗೂ ಅದ ಐತವಾ."

ದನಿ ತಗ್ಗಿಸದೆ ಹೇಳಿದಳು. ನನ್ನ ಕೈಯಲ್ಲಿದ್ದ ತಂತಿ ಹಾಗೇ ಉಳಿಯಿತು. ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ. ಹುಡುಗಿ ಅವಳನ್ನು ದಿಟ್ಟಿಸಿ ನೋಡಿದಳು, ಸುಳ್ಳು ಹೇಳುತ್ತಿದ್ದಾಳೆಯೇ ಎಂದು ನೋಡುವಂತೆ. ಯಲ್ಲವ್ವ ರೊಟ್ಟಿ ಮುರಿದು ಒಂದು ತುತ್ತು ತಾನು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಹುಡುಗಿಯ ಮುಂದೆ ಹಿಡಿದಳು. ಹುಡುಗಿ ಬಾಯಿ ತೆರೆದಳು.

ಆಮೇಲೆ ಅಡುಗೆಮನೆಗೆ ಹೋದೆ. ಊಟದ ಪಂಕ್ತಿಯಿಂದ ಕೆಲವರು ಎದ್ದು ಹೋಗಿದ್ದರು. ಅವರ ತಾಟುಗಳು ನೆಲದ ಮೇಲೆ ಹಾಗೆಯೇ ಇದ್ದವು. ಯಲ್ಲವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ದಿನದಂತೆಯೇ.

"ಯಲ್ಲವ್ವಾ, ಸಂಜಿಗೆ ದ್ಯಾಮಣ್ಣಗ ಮುಟ್ಟತೈತಿ ಇದು," ಎಂದೆ.

"ಮುಟ್ಟಲಿ ಬಿಡ್ರಿ. ಅವತ್ತ ಮುಟ್ಟಿದ್ದರ ಮಗಳನ್ನ ಕಟಗೊಂಡು ಎಲ್ಲಿ ಹೋಗ್ಲಿ ಅಂತ ಹೊಳಿ ನೋಡತಿದ್ನೋ ಏನೋ. ಈಗ ಆಕಿ ನರ್ಸಿಂಗ ಕಲಿಯಾಕ ಹತ್ಯಾಳ. ಬ್ಯಾರೆ ಖೋಲಿ ನೋಡೇನಿ." ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. "ಈಗಿಂದು ಯಾರೋ ಕದ್ದ ನೋಡಿ ಹೇಳಿದ್ದಲ್ಲರಿ ಅಕ್ಕಾರ. ನಾನ ಹೇಳೇನಿ. ಆ ಹುಡುಗಿ ಉಣಬೇಕಾಗಿತ್ತು."

ಎದ್ದು ಹೋದವರು ಬಿಟ್ಟ ತಾಟುಗಳಲ್ಲಿ ಒಂದನ್ನು ಎಳೆದುಕೊಂಡು ನಾನು ಕೂತೆ. ಅವಳು ಬಿಸಿ ರೊಟ್ಟಿ ಹಾಕಿದಳು.